ಡಾಕ್ಟರು ಹೋದ ಮೇಲೂ ಉಳಿಯುವ ವಿದ್ಯೆ

ನಮ್ಮ ವಾಚನಾಲಯಕ್ಕೆ ಬರುವ ಅನೇಕರ ತಂದೆತಾಯಿಗಳು ಬೀದರ, ರಾಯಚೂರು, ಕಲಬುರ್ಗಿ ಕಡೆಯ ಹಳ್ಳಿಗಳಲ್ಲಿಯೇ ಇದ್ದಾರೆ. ಹೈದರಾಬಾದಿನಲ್ಲಿ ನಮಗೆ ದವಾಖಾನೆಗಳ ಕೊರತೆಯಿಲ್ಲ. ಅಲ್ಲಿ ಸರಿರಾತ್ರಿಯಲ್ಲಿ ಸೊಸೆಗೆ ಹೆರಿಗೆ ನೋವು ಬಂದರೆ ಯಾರನ್ನು ಕರೆಯುವುದು? ಡಾಕ್ಟರನ್ನು ಹಳ್ಳಿಗೆ ಕಳಿಸುವುದು ಸುಲಭ, ಅಲ್ಲಿ ನಿಲ್ಲಿಸಿಕೊಳ್ಳುವುದು ಕಷ್ಟ. ಬಂದವರು ತಮ್ಮ ವಿದ್ಯೆಯಲ್ಲಿ ಒಂದಂಶವನ್ನು ಊರಿನವರಿಗೇ ಕಲಿಸಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನದೇ ಒಂದು ದೃಷ್ಟಾಂತವಿದೆ.

ಬೆಂಗಳೂರಿನಲ್ಲಿ ವೈದ್ಯಶಾಸ್ತ್ರ ಓದಿದ ಡಾ. ಎಚ್. ಸುದರ್ಶನ್ ಅವರು ಪಟ್ಟಣದಲ್ಲಿ ಬೋರ್ಡು ಹಾಕಲಿಲ್ಲ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಅಲ್ಲಿನ ಸೋಲಿಗರು ಮೊದಮೊದಲು ಹೊರಗಿನವರನ್ನು ಕಂಡರೆ ಕಾಡಿನೊಳಕ್ಕೆ ಸರಿಯುತ್ತಿದ್ದರು. ನಂಬಿಕೆ ಬರುವವರೆಗೆ ಔಷಧವಿದ್ದೂ ಪ್ರಯೋಜನವೇನು? ಆದ್ದರಿಂದ ಕೇಂದ್ರವು ಗಿರಿಜನರ ಹೆಣ್ಣುಮಕ್ಕಳಿಗೇ ದಾದಿಯ ಕೆಲಸದ, ಅಂದರೆ ಎ.ಎನ್.ಎಂ. ತರಬೇತಿ ಕೊಟ್ಟಿತು. ಬಾಣಂತಿಯ ಮಾತು ಅವರ ಮನೆಮಾತೇ. ಹಾಡಿಯ ದಾರಿಯನ್ನು ಅವರಿಗೆ ಬೇರೆ ಯಾರೂ ತೋರಿಸಬೇಕಾಗಿಲ್ಲ.

ಡಾಕ್ಟರೂ ಕಲಿತರು. ಸೋಲಿಗ ಹೆಂಗಸರು ಮಲಗಿ ಅಲ್ಲ, ಕುಕ್ಕರಗಾಲಿನಲ್ಲಿ ಕುಳಿತು ಹೆರುವ ವಾಡಿಕೆಯವರು. ಭೂಮಿಯ ಸೆಳೆತವೇ ಆಗ ಸಹಾಯಕ್ಕೆ ಬರುತ್ತದೆ. ಇದನ್ನು ಮೌಢ್ಯವೆಂದು ತಳ್ಳದೆ, ಒಳ್ಳೆಯದೆಂದು ಅವರು ಒಪ್ಪಿಕೊಂಡರು. ಕಲಿಸಲು ಹೋದವರಲ್ಲಿ ಈ ಗುಣ ಅಪರೂಪವೆಂದು ನಮ್ಮ ಎಣಿಕೆ. 1994ರಲ್ಲಿ ಅವರಿಗೆ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು.

ಇದಕ್ಕೂ ಮುಂಚೆ, 1970ರಲ್ಲಿ, ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾಕ್ಟರ್ ದಂಪತಿಗಳಾದ ರಜನಿಕಾಂತ ಮತ್ತು ಮೇಬೆಲ್ ಆರೋಳೆ ಅವರು ಇಂಥದೇ ಕೆಲಸಕ್ಕೆ ಕೈಹಾಕಿದ್ದರು. ಅವರು ತಯಾರು ಮಾಡಿದ್ದು ಹಳ್ಳಿಯ ಹೆಂಗಸರನ್ನು; ಅವರಲ್ಲಿ ಅನೇಕರಿಗೆ ಅಕ್ಷರವೇ ಬಾರದು. ಆದರೆ ಮಗುವಿಗೆ ವಾಂತಿಭೇದಿಯಾದಾಗ ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಕದಡಿ ಗುಟುಕು ಗುಟುಕಾಗಿ ಕುಡಿಸಲು ಅಕ್ಷರ ಬೇಡ. ನೀರಾರಿ ಸಾಯುವ ಕೂಸು ಇದರಿಂದ ಉಳಿಯುತ್ತದೆ. ಉಪ್ಪು ಮಾತ್ರ ಹೆಚ್ಚಾಗಬಾರದು.

2005ರಲ್ಲಿ ಸರಕಾರ ಇದೇ ದಾರಿ ಹಿಡಿದು, ಸುಮಾರು ಸಾವಿರ ಜನಕ್ಕೆ ಒಬ್ಬರಂತೆ ಆಶಾ ಕಾರ್ಯಕರ್ತೆಯರನ್ನು ನೇಮಿಸತೊಡಗಿತು. ಆಕೆ ಅದೇ ಊರಿನವಳಾಗಿರಬೇಕೆಂಬುದು ನಿಯಮ. ಆಕೆಯನ್ನು ಸ್ವಯಂಸೇವಕಿಯೆಂದು ಕರೆದು, ಸಂಬಳದ ಬದಲು ಗೌರವಧನ, ಪ್ರೋತ್ಸಾಹಧನ ಕೊಡುತ್ತಾರೆ. ಹಗಲಿರುಳು ದುಡಿಯುವವಳಿಗೆ ಇದು ನ್ಯಾಯವೆಂದು ಗಿರಣಿಯಲ್ಲಿ ಹಾಜರಿಪಟ್ಟಿ ಬರೆಯುವ ನಮಗೆ ತೋರುವುದಿಲ್ಲ.

ಮುಂದಿನ ಸಲ ಊರಿಗೆ ಫೋನು ಮಾಡಿದಾಗ ನಿಮ್ಮ ಓಣಿಯ ಆಶಾ ಯಾರೆಂದು ಕೇಳಿ, ಆಕೆಯ ನಂಬರನ್ನು ಮನೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿರಿ.