ನಾಭಿಯ ಕೆಳಗಿನ ಪೆಟ್ಟು

ನಮ್ಮ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆಲ್ಲ ಒಂದು ಕೂಗು ಚಿರಪರಿಚಿತ. ಕೆಮ್ಮಣ್ಣಿನ ಕಣದಲ್ಲಿ ಹಲಗಿಯ ಬಡಿತ ಏರುತ್ತಿರುತ್ತದೆ. ಇಬ್ಬರು ಪೈಲವಾನರು ಹೆಗಲಿಗೆ ಹಣೆಯೊತ್ತಿ, ಒಬ್ಬರ ಪಟ್ಟನ್ನು ಒಬ್ಬರು ಕಾಯುತ್ತ ಸುತ್ತುತ್ತಿರುತ್ತಾರೆ. ಒಮ್ಮೆಲೇ ಒಬ್ಬನು ಕೆಳಗೆ ಬೀಳುತ್ತಾನೆ. ಪಂಚರು ಗೆದ್ದವನ ಕೈ ಎತ್ತುವ ಮೊದಲೇ ಮಂದಿಯ ನಡುವಿನಿಂದ 'ಮೋಸ, ಮೋಸ' ಎಂಬ ಕೂಗು ಏಳುತ್ತದೆ. ಕಿತ್ತೂರ ಉತ್ಸವದ ದೊಡ್ಡ ಕಣವಿರಲಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳ ಯಾವುದೋ ಸಣ್ಣ ಹಳ್ಳಿಯ ಕಣವಿರಲಿ, ಕೂಗು ಅದೇ. ಎದುರಾಳಿಯ ಕಣ್ಣಿಗೆ ಮಣ್ಣು ತೂರಿದರೆ ಮೋಸ. ಬೆನ್ನು ನೆಲಕ್ಕೆ ಹತ್ತದಿದ್ದರೂ ಪಂಚರು ಚಿತ್ ಎಂದರೆ ಅದೂ ಮೋಸ. ರೊಕ್ಕ ತಿಂದು ಬಿದ್ದನೆಂಬ ಗುಮಾನಿ ಹುಟ್ಟಿದರೆ ಅದಂತೂ ಮೋಸವೇ.

ಈ ಮೂರೂ ಒಂದೇ ಅಲ್ಲವೆಂಬ ವಿಚಾರ ನನಗೆ ಹೊಳೆದದ್ದು ಕುಸ್ತಿಯ ಕಣದಲ್ಲಲ್ಲ. ಕನ್ನಡದ ತರಗತಿಯಲ್ಲಿ, ರನ್ನನ ಗದಾಯುದ್ಧದ ಪಾಠ ನಡೆದಿದ್ದಾಗ. ರನ್ನನು ಹುಟ್ಟಿದ ಮುದುವೊಳಲು, ಅಂದರೆ ಇಂದಿನ ಮುಧೋಳ, ನಮ್ಮ ರಾಮದುರ್ಗಕ್ಕೆ ನೆರೆಯೂರು. ಹತ್ತನೆಯ ಶತಮಾನದ ಈ ಬಳೆಗಾರ ಕುಲದ ಕವಿ ತನ್ನ ದೊರೆಯನ್ನು ಭೀಮನೊಡನೆ ಹೋಲಿಸಿ ಕಾವ್ಯ ಕಟ್ಟಿದರೂ ಓದುಗನ ಮನಸ್ಸು ಬಿದ್ದ ದುರ್ಯೋಧನನ ಕಡೆಗೆ ಹೊರಳುತ್ತದೆ. ಅದೇಕೆಂದು ಗುರುಗಳು ನಮ್ಮನ್ನು ಕೇಳಿದರು. ಗದಾಯುದ್ಧದಲ್ಲಿ ನಾಭಿಯಿಂದ ಕೆಳಗೆ ಹೊಡೆಯಬಾರದು. ಭೀಮನು ಹೊಡೆದದ್ದು ತೊಡೆಗೆ. ವ್ಯಾಸಭಾರತದಲ್ಲಿ ಇದನ್ನು ಕಂಡ ಬಲರಾಮ ನೇಗಿಲನ್ನೆತ್ತಿ ಭೀಮನ ಮೇಲೆ ಏರಿಹೋಗುತ್ತಾನೆ. ಕೃಷ್ಣನು ತಡೆದು, ದ್ರೌಪದಿಗಾದ ಅಪಮಾನವನ್ನೂ ಭೀಮನ ಪ್ರತಿಜ್ಞೆಯನ್ನೂ ಮೈತ್ರೇಯ ಮುನಿಯ ಶಾಪವನ್ನೂ ನೆನಪಿಸಿ ಸಮಾಧಾನ ಹೇಳುತ್ತಾನೆ. ಬಲರಾಮನಿಗೆ ಆ ಮಾತು ಒಪ್ಪಿಗೆಯಾಗದು. ಭೀಮನನ್ನು ಲೋಕ ಕಪಟಯೋಧನೆಂದೇ ಕರೆಯುವುದೆಂದು ಹೇಳಿ ದ್ವಾರಕೆಗೆ ಹೊರಟುಹೋಗುತ್ತಾನೆ. ಅಂದು ನಮ್ಮ ತರಗತಿ ಎರಡು ಪಂಗಡವಾಯಿತು. ಗಂಟೆ ಬಾರಿಸಿದರೂ ಜಗಳ ಮುಗಿಯಲಿಲ್ಲ. ಬಲರಾಮನ ಪಕ್ಷದಲ್ಲಿ ನಾವು ಐದಾರು ಮಂದಿ ಮಾತ್ರ ಇದ್ದೆವು.

ಆ ಜಗಳದ ಗುಂಗಿನಲ್ಲಿಯೇ ನಾನು ಮುಷ್ಟಿಯುದ್ಧದ ಇತಿಹಾಸ ಓದಲು ತೊಡಗಿದೆ. ಗದೆಯಿಲ್ಲದ ಈ ಕಾಳಗದಲ್ಲಿಯೂ ನಿಯಮವೆಂದರೆ ಮೊದಲಿಗೆ ನೆನಪಾಗುವುದು ನಡುಪಟ್ಟಿಯಿಂದ ಕೆಳಗೆ ಹೊಡೆಯಬಾರದೆಂಬುದೇ. 1743ರಲ್ಲಿ ಇಂಗ್ಲೆಂಡಿನ ಜಾಕ್ ಬ್ರೌಟನ್ ಮೊದಲ ಬಾರಿಗೆ ನಿಯಮಗಳನ್ನು ಬರೆದಿಟ್ಟನು. ಬಿದ್ದವನನ್ನು ಹೊಡೆಯಬಾರದೆಂಬುದು ಅವುಗಳಲ್ಲಿ ಮುಖ್ಯವಾದದ್ದು. 1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಕೈಗವಸು, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಬಿದ್ದವನಿಗೆ ಏಳಲು ಹತ್ತು ಸೆಕೆಂಡಿನ ಅವಕಾಶ, ಇವನ್ನೆಲ್ಲ ತಂದವು. ನಿಯಮಗಳೇನೋ ಬಂದವು, ಅವು ಮುರಿದಾಗ ನೋಡುವವರು ಯಾರು, ನೋಡಿದ್ದನ್ನು ನಂಬುವವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಈ ಪ್ರಶ್ನೆಯ ನಡುವೆ ಸಿಕ್ಕು ನವೆದ ಒಬ್ಬ ಮನುಷ್ಯನಿದ್ದಾನೆ. ಅವನ ಹೆಸರು ಜಾಕ್ ಶಾರ್ಕಿ.

ಶಾರ್ಕಿ ಎಂಬುದು ಅವನು ಇಟ್ಟುಕೊಂಡ ಹೆಸರು. ಲಿಥುವೇನಿಯಾದಿಂದ ಅಮೇರಿಕೆಗೆ ಬಂದು ನೆಲೆಸಿದವರ ಮನೆಯಲ್ಲಿ 1902ರಲ್ಲಿ ಹುಟ್ಟಿದವನು. ನೌಕಾದಳದಲ್ಲಿದ್ದಾಗ ಮುಷ್ಟಿಯುದ್ಧ ಕಲಿತವನು. 1927ರ ಜುಲೈ 21ರಂದು ನ್ಯೂಯಾರ್ಕಿನಲ್ಲಿ ಅವನು ಜಾಕ್ ಡೆಂಪ್ಸಿಯನ್ನು ಎದುರಿಸಿದನು. ಡೆಂಪ್ಸಿ ಹಿಂದೆ ಏಳು ವರ್ಷ ಹೆವಿವೇಟ್ ಚಾಂಪಿಯನ್ ಆಗಿದ್ದವನು. ಮೊದಲ ಸುತ್ತುಗಳಲ್ಲಿ ಶಾರ್ಕಿಯ ಕೈಯೇ ಮೇಲಾಗಿತ್ತು. ಏಳನೆಯ ಸುತ್ತಿನಲ್ಲಿ ಡೆಂಪ್ಸಿಯ ಪೆಟ್ಟುಗಳು ನಡುಪಟ್ಟಿಯ ಕೆಳಗೆ ಬೀಳುತ್ತಿವೆಯೆಂದು ದೂರಲು ಶಾರ್ಕಿ ರೆಫರಿಯ ಕಡೆಗೆ ಮುಖ ತಿರುಗಿಸಿದನು. ಆ ಒಂದು ಕ್ಷಣ ಸಾಕಾಯಿತು. ಡೆಂಪ್ಸಿಯ ಎಡಗೈ ಅವನ ದವಡೆಗೆ ಬಿತ್ತು. ಶಾರ್ಕಿ ಎಣಿಕೆ ಮುಗಿಯುವವರೆಗೂ ಏಳಲಿಲ್ಲ. ಪಂದ್ಯ ಡೆಂಪ್ಸಿಯದಾಯಿತು. ನ್ಯಾಯ ಕೇಳಲು ತಿರುಗಿದವನು ನೆಲ ಹಿಡಿದನು.

ಮೂರು ವರ್ಷ ಕಳೆಯಿತು. ಚಾಂಪಿಯನ್ ಜೀನ್ ಟನಿ 1928ರಲ್ಲಿ ನಿವೃತ್ತನಾಗಿ ಪಟ್ಟ ಖಾಲಿಯಿತ್ತು. 1930ರ ಜೂನ್ 12ರಂದು ಅದಕ್ಕಾಗಿ ಶಾರ್ಕಿ ಮತ್ತು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಸೆಣಸಿದರು. ಈ ಸಲವೂ ಮೊದಲ ಮೂರು ಸುತ್ತು ಶಾರ್ಕಿಯವು. ನಾಲ್ಕನೆಯದರಲ್ಲಿ ಅವನ ಎಡಗೈಯ ಒಂದು ಪೆಟ್ಟು ಶ್ಮೆಲಿಂಗನ ನಡುವಿನ ಕೆಳಗೆ ಬಿತ್ತು. ಶ್ಮೆಲಿಂಗ್ ಹೊಟ್ಟೆ ಹಿಡಿದು ಉರುಳಿದನು. ಅವನ ಮ್ಯಾನೇಜರ್ ಜೋ ಜೇಕಬ್ಸ್ ಅಂಕಣಕ್ಕೇ ನುಗ್ಗಿ ಫೌಲ್ ಎಂದು ಅರಚತೊಡಗಿದನು. ರೆಫರಿಗೆ ಆ ಪೆಟ್ಟು ಸರಿಯಾಗಿ ಕಂಡಿರಲಿಲ್ಲ. ಹೊರಗೆ ಕುಳಿತ ನಿರ್ಣಾಯಕನೊಬ್ಬನನ್ನು ವಿಚಾರಿಸಿ, ಗದ್ದಲದ ನಡುವೆ ಶ್ಮೆಲಿಂಗನೇ ಗೆದ್ದವನೆಂದು ಸಾರಲಾಯಿತು. ನೆಲದ ಮೇಲೆ ಬಿದ್ದುಕೊಂಡೇ ಒಬ್ಬನು ಜಗತ್ತಿನ ಹೆವಿವೇಟ್ ಪಟ್ಟ ಪಡೆದದ್ದು ಅದೇ ಮೊದಲು. ಆ ಮೇಲೆಯೂ ಹಾಗೆ ಆಗಿಲ್ಲ. ಮೂರು ವರ್ಷದ ಹಿಂದೆ ಕೆಳಪೆಟ್ಟಿನ ದೂರು ಹೊತ್ತವನು ಈಗ ಕೆಳಪೆಟ್ಟಿನ ಅಪರಾಧಿ! ಬೇಕೆಂದು ಹೊಡೆದನೇ, ಕೈ ಜಾರಿತೇ? ಹೊಡೆದವನ ಮನಸ್ಸನ್ನು ಅಳೆಯುವ ಗೋಜಿಗೆ ಅಂದು ರೆಫರಿ ಹೋಗಲಿಲ್ಲ. ಪೆಟ್ಟು ಬಿದ್ದ ಜಾಗವನ್ನಷ್ಟೇ ನೋಡಿ ತೀರ್ಪು ಕೊಟ್ಟನು. ನನಗೆ ಇದು ಸರಿಯೆಂದೇ ತೋರುತ್ತದೆ.

ಇಬ್ಬರೂ ಮತ್ತೆ 1932ರ ಜೂನ್ 21ರಂದು ಎದುರಾದರು. ಹದಿನೈದು ಸುತ್ತು ನಡೆದ ಈ ಪಂದ್ಯದಲ್ಲಿ ಹೇಳಿಕೊಳ್ಳುವಂಥ ಫೌಲ್ ಇರಲಿಲ್ಲ, ನಾಕೌಟ್ ಇರಲಿಲ್ಲ. ನಿರ್ಣಾಯಕರಲ್ಲಿ ಒಮ್ಮತವಾಗದೆ, ಬಹುಮತದಿಂದ ಶಾರ್ಕಿಗೆ ಪಟ್ಟ ಬಂದಿತು. ಶ್ಮೆಲಿಂಗನೇ ಗೆದ್ದನೆಂದು ನಂಬಿದ ಪತ್ರಿಕೆಯವರು ಅನೇಕರಿದ್ದರು. ಅದೇ ಜೋ ಜೇಕಬ್ಸ್ ನಮ್ಮನ್ನು ದೋಚಿದರೆಂದು ಕೂಗಿದ ಕೂಗು ಅಮೇರಿಕೆಯಲ್ಲಿ ಗಾದೆಯಂತೆ ಉಳಿದಿದೆ. ಆದರೆ ಇಲ್ಲಿ ಶಾರ್ಕಿಯ ತಪ್ಪೇನು? ಅವನು ಹದಿನೈದು ಸುತ್ತು ಹೊಡೆದಾಡಿದನು. ಅಂಕ ಹಾಕಿದವರು ಬೇರೆಯವರು. ಪಂಚರ ತಪ್ಪನ್ನು ಜಟ್ಟಿಯ ತಲೆಗೆ ಕಟ್ಟುವ ರೂಢಿ ನಮ್ಮೂರಿನದು ಮಾತ್ರವಲ್ಲ.

ಮುಂದಿನ ವರ್ಷ ಬಂದದ್ದು ಎಲ್ಲಕ್ಕಿಂತ ಕೆಟ್ಟದ್ದು. 1933ರ ಜೂನ್ 29ರಂದು ಶಾರ್ಕಿ ತನ್ನ ಪಟ್ಟವನ್ನು ಇಟಲಿಯ ಪ್ರಿಮೊ ಕಾರ್ನೇರಾನ ಎದುರು ಪಣಕ್ಕಿಟ್ಟನು. ಕಾರ್ನೇರಾ ಆರೂವರೆ ಅಡಿಗೆ ಸಮೀಪದ ದೈತ್ಯ. ಕಲೆಗಿಂತ ಗಾತ್ರದಿಂದ ಹೆಸರಾದವನು. ಅವನ ಹಿಂದೆ ಭೂಗತರಿದ್ದರು, ಅವನ ಹಿಂದಿನ ಎಷ್ಟೋ ಗೆಲುವುಗಳು ಮೊದಲೇ ಗೊತ್ತುಮಾಡಿದವೆಂಬ ಮಾತು ಆಗಲೇ ಹಬ್ಬಿತ್ತು. ಆರನೆಯ ಸುತ್ತಿನಲ್ಲಿ ಗದ್ದದಡಿಯಿಂದ ಬಂದ ಒಂದು ಬಲಗೈ ಪೆಟ್ಟಿಗೆ ಶಾರ್ಕಿ ಮುಗ್ಗರಿಸಿ ಬಿದ್ದನು, ಏಳಲಿಲ್ಲ. ಆ ಪೆಟ್ಟು ತಮಗೆ ಕಾಣಲೇ ಇಲ್ಲವೆಂದು ಹಲವರು ಆಡಿಕೊಂಡರು. ರೊಕ್ಕ ತಿಂದು ಬಿದ್ದನೆಂಬ ಆಪಾದನೆ ಹುಟ್ಟಿತು. ಆದರೆ ನಾಲ್ಕು ತಿಂಗಳ ಹಿಂದೆ ನಡೆದದ್ದನ್ನು ಹೀಗೆ ಅಂದವರು ನೆನೆಯಲಿಲ್ಲ. ಶಾರ್ಕಿಗೆ ಬಹಳ ಬೇಕಾದವನಾಗಿದ್ದ ಎರ್ನಿ ಶಾಫ್ ಎಂಬ ತರುಣನು ಫೆಬ್ರುವರಿಯಲ್ಲಿ ಇದೇ ಕಾರ್ನೇರಾನೊಡನೆ ಹೋರಾಡಿ ಕುಸಿದುಬಿದ್ದು ಕೆಲವೇ ದಿನಗಳಲ್ಲಿ ಸತ್ತಿದ್ದನು. ಅಂದಿನ ಪಂದ್ಯದಲ್ಲಿ ತನಗೆ ಆ ಶಾಫನೇ ಎದುರು ನಿಂತಂತೆ ಕಂಡಿತೆಂದು ಶಾರ್ಕಿ ಹೇಳಿಕೊಂಡದ್ದುಂಟು. ನಂಬುವವರು ನಂಬಬಹುದು, ಬಿಡುವವರು ಬಿಡಬಹುದು. ಅವನು 1994ರವರೆಗೆ ಬದುಕಿದನು. ತಾನು ಬೇಕೆಂದು ಬೀಳಲಿಲ್ಲವೆಂದು ಕಡೆಯತನಕ ಹೇಳುತ್ತಲೇ ಇದ್ದನು. ಅರವತ್ತು ವರ್ಷ!

ಹೀಗೆ ಒಬ್ಬನ ಬಾಳಿನಲ್ಲಿಯೇ ಮೂರು ಬಗೆಯ 'ಮೋಸ'ಗಳು ಬಂದುಹೋದವು. ಮೊದಲನೆಯದು ನಿಯಮಭಂಗ, ಕಣ್ಣೆದುರಿಗೆ ನಡೆಯುವಂಥದು, ಕಣ್ಣಿದ್ದವನು ಹಿಡಿಯಬಹುದು. 1997ರ ಜೂನ್ 28ರಂದು ಮೈಕ್ ಟೈಸನ್ ಇವ್ಯಾಂಡರ್ ಹೋಲಿಫೀಲ್ಡನ ಕಿವಿ ಕಚ್ಚಿದ್ದನ್ನು ಜಗತ್ತೇ ನೋಡಿತು. ಅವನನ್ನು ಪಂದ್ಯದಿಂದ ತೆಗೆದುಹಾಕಿ, ಮೂವತ್ತು ಲಕ್ಷ ಡಾಲರ್ ದಂಡ ವಿಧಿಸಿ, ಪರವಾನಗಿಯನ್ನೂ ಕಿತ್ತುಕೊಂಡರು. ಹೋಲಿಫೀಲ್ಡ್ ತನಗೆ ತಲೆಯಿಂದ ಡಿಕ್ಕಿ ಹೊಡೆದನೆಂದು ಟೈಸನ್ ಹೇಳಿದನು. 1996ರ ಮೊದಲ ಪಂದ್ಯದಲ್ಲಿಯೂ ತಲೆಗಳು ತಾಗಿದ್ದವು. ರೆಫರಿ ಅದನ್ನು ಆಕಸ್ಮಿಕವೆಂದಿದ್ದನು. ಮೊದಲು ಅವನು ಮಾಡಿದ್ದಕ್ಕೆ ಈಗ ನಾನು ಮಾಡಿದೆನೆಂಬ ಈ ವಾದವನ್ನು ಭೀಮನ ಪರವಾಗಿ ನಮ್ಮ ತರಗತಿಯಲ್ಲಿ ಕೇಳಿದ್ದೆವಷ್ಟೆ. ಎರಡನೆಯದು ತೀರ್ಪಿನ ದೋಷ. ಅದರ ಹೊಣೆ ತೀರ್ಪುಗಾರನದು.

ಮೂರನೆಯದು ಕಪಟ. ಅದು ಕಣದ ಹೊರಗೆ, ಕದ ಮುಚ್ಚಿದ ಕೋಣೆಯಲ್ಲಿ ನಡೆಯುವಂಥದು. ಆದ್ದರಿಂದಲೇ ಅದನ್ನು ಹೊರಿಸುವುದು ಬಹಳ ಸುಲಭ, ಸಾಧಿಸುವುದು ಕಠಿಣ, ಅಲ್ಲಗಳೆಯುವುದು ಅದಕ್ಕಿಂತ ಕಠಿಣ. 1919ರ ಜುಲೈ 4ರಂದು ಡೆಂಪ್ಸಿ ತನಗಿಂತ ಬಹಳ ಎತ್ತರದ ಜೆಸ್ ವಿಲ್ಲರ್ಡನನ್ನು ಮೊದಲ ಸುತ್ತಿನಲ್ಲಿಯೇ ಏಳು ಸಲ ಕೆಡವಿ ಪಟ್ಟ ಗಳಿಸಿದ್ದನು. ಅವನ ಕೈಪಟ್ಟಿಗೆ ತಾನೇ ಪ್ಲಾಸ್ಟರ್ ಬಳಿದಿದ್ದೆನೆಂದು ಅವನ ಹಿಂದಿನ ಮ್ಯಾನೇಜರ್ ಜಾಕ್ ಕೆರ್ನ್ಸ್ ಹೇಳಿದ ಕಥೆ 1964ರಲ್ಲಿ, ಕೆರ್ನ್ಸ್ ಸತ್ತ ಬಳಿಕ, ಅಚ್ಚಾಯಿತು. ಇಬ್ಬರಿಗೂ ಅಷ್ಟುಹೊತ್ತಿಗೆ ಬದ್ಧವೈರವಿತ್ತೆಂಬುದನ್ನು ಮರೆಯಬಾರದು. ಡೆಂಪ್ಸಿ ನ್ಯಾಯಾಲಯದ ಮೆಟ್ಟಿಲು ಹತ್ತಿದನು. ಆದರೂ ಆ ಕಥೆ ಇಂದಿಗೂ ಸತ್ತಿಲ್ಲ. 2020ರ ಫೆಬ್ರುವರಿಯಲ್ಲಿ ಟೈಸನ್ ಫ್ಯೂರಿಗೆ ಸೋತ ಡಿಯಾಂಟೆ ವೈಲ್ಡರ್ ಕೂಡ ಎದುರಾಳಿಯ ಕೈಗವಸಿನಲ್ಲಿ ಮೋಸವಿತ್ತೆಂದು ದೂರಿದನು, ಪುರಾವೆ ಹೊರಬರಲಿಲ್ಲ. 2021ರ ಅಕ್ಟೋಬರಿನಲ್ಲಿ ಮತ್ತೆ ಹೋರಾಡಿ ಮತ್ತೆ ಸೋತನು.

ಹಾಗೆಂದು ಕಪಟವೇ ಇಲ್ಲವೆಂದಲ್ಲ. 2009ರ ಜನವರಿಯಲ್ಲಿ, ಹೆವಿವೇಟಿಗಿಂತ ಕೆಳಗಿನ ತೂಕದ ಆಂಟೋನಿಯೊ ಮಾರ್ಗರಿಟೊ ಎಂಬವನ ಕೈಪಟ್ಟಿಯಲ್ಲಿ ಪ್ಲಾಸ್ಟರಿನಂಥ ಗಟ್ಟಿ ಪದಾರ್ಥ ನಿಜವಾಗಿ ಸಿಕ್ಕಿತು, ಪರವಾನಗಿ ರದ್ದಾಯಿತು. ಆದರೆ ಅದು ಸಿಕ್ಕಿದ್ದು ಹೇಗೆ? ಎದುರಾಳಿ ಶೇನ್ ಮೋಸ್ಲಿಯ ಗುರು ಪಂದ್ಯಕ್ಕೆ ಮೊದಲು ಅದೇ ಕೋಣೆಯಲ್ಲಿ ನಿಂತು, ಪಟ್ಟಿ ಸುತ್ತುವುದನ್ನು ಕಣ್ಣಿಟ್ಟು ನೋಡಿ, ಬಿಚ್ಚಿ ತೋರಿಸಿರೆಂದು ಹಟ ಹಿಡಿದದ್ದರಿಂದ. ಸೋತಮೇಲೆ ಹೊರಗೆ ನಿಂತು ಕೂಗಿದ್ದರಿಂದಲ್ಲ.

ಇಷ್ಟೆಲ್ಲ ನಾನು ಏಕೆ ಓದಿದೆನೆಂಬುದನ್ನು ಹೇಳದೆ ಬಿಟ್ಟರೆ ಅದೂ ಒಂದು ಬಗೆಯ ಕಪಟವೇ ಆದೀತು. ನಮ್ಮಪ್ಪ ತರುಣನಿದ್ದಾಗ ಪೈಲವಾನನಾಗಿದ್ದನು. ಸಾಲಿ ಕಲಿಯಲಿಲ್ಲ, ಗರಡಿಮನೆಯೇ ಅವನ ಸಾಲಿ. 1959ರಲ್ಲಿ ಹಿಂದ್ ಕೇಸರಿಯಾದ ನಮ್ಮ ಜಿಲ್ಲೆಯ ಎಕ್ಸಂಬೆಯ ಶ್ರೀಪತಿ ಖಂಚನಾಳೆಯವರ ಹೆಸರು ಹೇಳುವಾಗ ಈಗಲೂ ಕೈ ಮುಗಿಯುತ್ತಾನೆ. ನಾನು ಹುಟ್ಟುವ ಮೊದಲು ನಮ್ಮೂರ ಜಾತ್ರೆಯಲ್ಲಿ ಅವನದು ಕಡೆಯ ಜೋಡಿ, ಬೆಳ್ಳಿ ಕಡಗದ ಕುಸ್ತಿ. ಹಿಂದಿನ ರಾತ್ರಿ ಮಳೆ ಬಂದು ಕಣದ ಒಂದು ಮಗ್ಗಲು ಹಸಿಯಾಗಿತ್ತು. ಅಪ್ಪನ ಕಾಲು ಜಾರಿತು, ಎದುರಾಳಿ ಬಿಟ್ಟಾನೆಯೇ? ಒಂದು ಗಳಿಗೆಯೊಳಗೆ ಬೆನ್ನು ಮಣ್ಣಿಗೆ. ಗೆಲ್ಲುವ ಕುಸ್ತಿಯನ್ನು ಮಾರಿಕೊಂಡನೆಂದು ಊರು ಮಾತಾಡಿತು. ಆ ವರ್ಷವೇ ಅವನು ಒಂದು ಎತ್ತು ಕೊಂಡಿದ್ದನು, ಅದೇ ಸಾಕ್ಷಿಯಾಯಿತು. ಆ ಎತ್ತಿಗೆ ಸೊಸೈಟಿಯಲ್ಲಿ ಸಾಲ ಮಾಡಿದ ಕಾಗದ ನಮ್ಮ ಮನೆಯ ಟ್ರಂಕಿನಲ್ಲಿ ಇತ್ತು. ಅದನ್ನು ಓದಿ ಹೇಳುವವರು ಆಗ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಓದಲು ಕಲಿಯುವ ಹೊತ್ತಿಗೆ ಕೇಳುವವರೂ ಉಳಿದಿರಲಿಲ್ಲ. ಅಪ್ಪ ಮತ್ತೆ ಕಣಕ್ಕೆ ಇಳಿಯಲಿಲ್ಲ.

ಕಳೆದ ದೀಪಾವಳಿಯ ರಜೆಯಲ್ಲಿ ಶಾರ್ಕಿಯ ಕಥೆಯನ್ನು ಅವನಿಗೆ ಹೇಳಿದೆ. ಹೊಗೆಸೊಪ್ಪು ತಿಕ್ಕುತ್ತ ಕುಳಿತಿದ್ದವನು ಕೈ ನಿಲ್ಲಿಸಿ ಕೇಳಿದನು. ಹೋರಾಡುವುದನ್ನು ಬಿಟ್ಟ ಮೇಲೆ ಶಾರ್ಕಿ ಬಹಳ ಕಡೆ ರೆಫರಿಯಾಗಿ ಅಂಕಣದಲ್ಲಿ ನಿಂತನೆಂದು ನಾನು ಹೇಳಿದಾಗ ಮಾತ್ರ ಅವನು ನಡುವೆ ಬಾಯಿ ಹಾಕಿದನು.

"ಅಂವಗ ಕರದ್ರೇನ ತಮ್ಮಾ, ಪಂಚನಾಗಾಕ?"

ಕರೆದರು ಎಂದೆ.

"ಭಾಳ ಛಲೋ ಆತು," ಎಂದು ಮತ್ತೆ ಹೊಗೆಸೊಪ್ಪು ತಿಕ್ಕತೊಡಗಿದನು. ನಮ್ಮೂರ ಕಣಕ್ಕೆ ಅವನನ್ನು ಇನ್ನೂ ಯಾರೂ ಕರೆದಿಲ್ಲ.