ಸಿಟ್ಟು ಸರಿ, ಗುಂಪು ಸರಿಯೇ?

ಮಸ್ಜಿದುನ್ನಬವಿಯಲ್ಲಿ ಒಬ್ಬ ಬದ್ದೂ ಮೂತ್ರ ಮಾಡತೊಡಗಿದ. ಸಹಾಬಿಗಳು ಸಿಟ್ಟಿನಿಂದ ಅವನತ್ತ ಧಾವಿಸಿದರು. ಆ ಸಿಟ್ಟು ತಪ್ಪೆಂದು ಯಾರು ಹೇಳಿಯಾರು? ಆದರೂ ಪ್ರವಾದಿವರ್ಯರು(ಸ) ತಡೆದದ್ದು ಬದ್ದೂವನ್ನಲ್ಲ, ಧಾವಿಸಿದವರನ್ನು. ಬಳಿಕ ಆ ಜಾಗಕ್ಕೆ ಒಂದು ಬಿಂದಿಗೆ ನೀರು ಹಾಕಿಸಿದರು. ಬುಖಾರಿಯಲ್ಲಿರುವ ಈ ಘಟನೆಯನ್ನು ನಾವು ಶುಚಿತ್ವದ ಪಾಠವೆಂದು ಓದಿ ಮುಂದೆ ಹೋಗುತ್ತೇವೆ. ಇದು ಗುಂಪಿನ ಪಾಠವೂ ಹೌದು.

2020ರ ಆಗಸ್ಟ್ 11ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಪ್ರವಾದಿವರ್ಯರನ್ನು(ಸ) ನಿಂದಿಸಿದ ಫೇಸ್‌ಬುಕ್ ಬರಹದ ವಿರುದ್ಧ ದೂರು ಕೊಡಲು ಜನ ಬೆಂಗಳೂರಿನ ಡಿ.ಜೆ. ಹಳ್ಳಿ ಠಾಣೆಗೆ ಹೋದರು. ದೂರು ಕೊಡುವುದು ಹಕ್ಕು. ಆದರೆ ಗುಂಪು ಬೆಳೆಯಿತು, ಕ್ರಮ ತಡವಾಗುತ್ತಿದೆ ಎಂಬ ಮಾತು ಹಬ್ಬಿತು, ವಾಹನಗಳು ಉರಿದವು. ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಮನೆಗೂ ಬೆಂಕಿ ಬಿತ್ತು. ಬರೆದವನು ಅವರ ಸಂಬಂಧಿ, ಅಷ್ಟೇ. ಒಬ್ಬನ ಪಾಪದ ಹೊರೆಯನ್ನು ಇನ್ನೊಬ್ಬ ಹೊರಲಾರ ಎಂದು ಕಲಿಸುವ ಕುರ್‌ಆನನ್ನು ಪಠಿಸುವವರು ನಾವಲ್ಲವೇ?

ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಮುನ್ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಯುಎಪಿಎ ಹಾಕಲಾಯಿತು, ತನಿಖೆ ಎನ್‌ಐಎಗೆ ಹೋಯಿತು. ಈ ಕಾನೂನಿನಡಿ ಜಾಮೀನು ಬಹಳ ಕಷ್ಟ. ಎಷ್ಟೋ ಜನ ವಿಚಾರಣೆಗೆ ಕಾಯುತ್ತಲೇ ವರ್ಷಗಳನ್ನು ಜೈಲಿನಲ್ಲಿ ಕಳೆದರು. ಬೀದಿ ಗಲಭೆಗೆ ಭಯೋತ್ಪಾದನೆಯ ಕಾನೂನು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೆ ಆ ಕಾನೂನಿಗೆ ದಾರಿ ಮಾಡಿಕೊಟ್ಟವರು ಯಾರು?

ಓದುಗರೇ, ನಿಮ್ಮ ಮಗ "ನಾನು ಸುಮ್ಮನೆ ನಿಂತು ನೋಡುತ್ತಿದ್ದೆ" ಎನ್ನಬಹುದು. ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟ ತನ್ನ ಉದ್ದೇಶಕ್ಕಾಗಿ ಅಪರಾಧ ಎಸಗಿದರೆ ಅದರ ಪ್ರತಿಯೊಬ್ಬ ಸದಸ್ಯನೂ ಅಪರಾಧಿ. ಭಾರತೀಯ ನ್ಯಾಯ ಸಂಹಿತೆಯ 190ನೇ ಕಲಮು ಹೇಳುವುದು ಇದನ್ನೇ. ತಾನು ಬರೀ ಪ್ರೇಕ್ಷಕನೆಂದು ತೋರಿಸಿಕೊಡುವಷ್ಟರಲ್ಲಿ ಅವನ ಕಾಲೇಜು ಮುಗಿದಿರುತ್ತದೆ.

ಅದೇ ರಾತ್ರಿ ಡಿ.ಜೆ. ಹಳ್ಳಿಯಲ್ಲಿ ಇನ್ನೊಂದು ಗುಂಪೂ ಇತ್ತು. ಮುಸ್ಲಿಮ್ ಯುವಕರು ಕೈಕೈ ಹಿಡಿದು ಒಂದು ದೇವಸ್ಥಾನದ ಸುತ್ತ ಕಾವಲು ನಿಂತಿದ್ದರು. ಪ್ರವಾದಿಪ್ರೇಮ ಅವರಲ್ಲಿ ಕಡಿಮೆಯಿತ್ತೇ?

ಈಗ ಅಂಥ ಬರಹ ಬಸವನ ಬಾಗೇವಾಡಿಯ ಹುಡುಗನ ಮೊಬೈಲಿಗೂ ಕ್ಷಣದಲ್ಲಿ ಬರುತ್ತದೆ. ಅದನ್ನು ಹತ್ತು ಜನರಿಗೆ ಕಳಿಸಿದರೆ ನಿಂದನೆಯೇ ಹರಡುತ್ತದೆ. ಅಲ್ ಹುಜುರಾತ್ ಅಧ್ಯಾಯ ಮೊದಲು ವಿಚಾರಿಸಿ ನೋಡಿ ಎನ್ನುತ್ತದೆ. ನಿಜವೆಂದಾದರೆ ಇಬ್ಬರು ಹಿರಿಯರು ಲಿಖಿತ ದೂರಿನೊಂದಿಗೆ ಠಾಣೆಗೆ ಹೋಗಲಿ. ಪಡೆಯದಿದ್ದರೆ ಅದನ್ನು ಅಂಚೆಯಲ್ಲಿ ವಿಜಯಪುರದ ಎಸ್ಪಿಯವರಿಗೆ ಕಳಿಸಲಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಕೋರ್ಟು ನಮ್ಮೂರಲ್ಲೇ ಇದೆ.