ಕಡಿಮೆ ಅಂಕವೂ ಲಾ ಕಾಲೇಜೂ

ಬಿ.ಎ. ಆದ ಮೇಲೆ ಮುಂದೇನು ಎಂದು ಕೇಳಿದರೆ ನಮ್ಮ ಕಡೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿ.ಎಡ್. ಎನ್ನುತ್ತಾರೆ, ಇಲ್ಲವೇ ತಾಂಡ್ಯದ ಕಾರ್ಖಾನೆಗಳ ಕಡೆಗೆ ಕೈತೋರಿಸುತ್ತಾರೆ. ಲಾ ಓದುವ ಆಸೆಯನ್ನು ಬಾಯಿಬಿಟ್ಟು ಹೇಳುವವರು ವಿರಳ. ಹೇಳಿದವರೂ “ಅಂಕ ಕಡಿಮೆ, ನಮ್ಮನ್ನು ಯಾರು ಸೇರಿಸಿಕೊಳ್ಳುತ್ತಾರೆ?” ಎಂದು ತಮ್ಮ ಮೇಲೆ ತಾವೇ ತೀರ್ಪು ಬರೆದುಕೊಂಡಿರುತ್ತಾರೆ. ಅಂಕಪಟ್ಟಿ ಸೊರಗಿದ್ದರೂ ಪ್ರವೇಶ ಪರೀಕ್ಷೆಯಲ್ಲಿ ತಕ್ಕಮಟ್ಟಿಗೆ ಅಂಕ ಗಳಿಸಬಲ್ಲ ವಿದ್ಯಾರ್ಥಿಗೆ ಯಾವ ಬಾಗಿಲು ತೆರೆದಿದೆ, ಅದರಲ್ಲಿ ಯಾವುದನ್ನು ಹೊಗುವುದು ಲೇಸು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಮನೆಗೆ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಇದನ್ನು ಕೂರಿಸಿಕೊಂಡು ಹೇಳುವ ಹಿರಿಯರು ಮನೆಯಲ್ಲಿಲ್ಲ.

ನಮ್ಮ ಸೀಮೆಗೆ ಕಾನೂನು ದೂರದ ವಿದ್ಯೆಯೇನೂ ಅಲ್ಲ. ಕೈಗಾರಿಕೆಗೆಂದು ಜಮೀನನ್ನು ವಶಪಡಿಸಿಕೊಳ್ಳುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಮೇರೆಗೆ. ಕಾರ್ಖಾನೆಯ ಸಂಬಳ, ರಜೆ, ಅಪಘಾತದ ಪರಿಹಾರ ಎಲ್ಲವೂ ಒಂದೊಂದು ಕಾನೂನಿನೊಳಗೆ ಬರುತ್ತವೆ. ನೋಟೀಸು ಬಂದ ದಿನ ಅದನ್ನು ಓದಿ ಹೇಳಲು ಊರಿನವರು ನಂಜನಗೂಡಿಗೋ ತಿರುಮಕೂಡಲು ನರಸೀಪುರಕ್ಕೋ ಬಸ್ಸು ಹತ್ತಬೇಕು.

ಮೊದಲು ಹೊಸ್ತಿಲಿನ ಮಾತು. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಮಾಡಿದ ಕಾನೂನು ಶಿಕ್ಷಣ ನಿಯಮಾವಳಿಯಂತೆ ಮೂರು ವರ್ಷದ ಎಲ್ಎಲ್.ಬಿ.ಗೆ ಸೇರಲು ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಇತರೆ ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಇರಬೇಕು. ಇದಕ್ಕಿಂತ ಕೆಳಗಿದ್ದವರನ್ನು ಎಂಥ ಪ್ರವೇಶ ಪರೀಕ್ಷೆಯೂ ಎತ್ತಲಾರದು. ಆದಕಾರಣ ಇನ್ನೂ ಒಂದು ಸೆಮಿಸ್ಟರ್ ಬಾಕಿಯಿರುವವರು ಈಗಲೇ ಲೆಕ್ಕ ಹಾಕಬೇಕು. ಆರು ಸೆಮಿಸ್ಟರುಗಳಿಗೂ ಸಮನಾದ ಒಟ್ಟು ಅಂಕವೆಂದು ಇಟ್ಟುಕೊಳ್ಳೋಣ. ಐದರ ಸರಾಸರಿ 44 ಆಗಿದ್ದರೆ, ಕಡೆಯದರಲ್ಲಿ 50 ಬಂದರೆ ಒಟ್ಟು ಸರಾಸರಿ 45 ಮುಟ್ಟುತ್ತದೆ. ಐದರ ಸರಾಸರಿ 43 ಆಗಿದ್ದರೆ 55 ಬೇಕು. ಐವತ್ತೈದು ಎಂಬುದು ಅಸಾಧ್ಯವಾದ ಸಂಖ್ಯೆಯಲ್ಲ. ಪ್ರವೇಶ ಪರೀಕ್ಷೆಯ ಪುಸ್ತಕ ಕೊಳ್ಳುವುದಕ್ಕೆ ಮುಂಚೆ ಈ ಕಡೆಯ ಸೆಮಿಸ್ಟರನ್ನು ಭದ್ರಪಡಿಸಿಕೊಳ್ಳುವುದು ವಿವೇಕ ಎಂದು ನನ್ನ ಅಭಿಪ್ರಾಯ.

ಇನ್ನು ಪರೀಕ್ಷೆಯ ಅಂಕ. ಅಮೆರಿಕದಲ್ಲಿ 1948ರಿಂದ ನಡೆದುಬಂದಿರುವ ಎಲ್‌ಸ್ಯಾಟ್ ಎಂಬ ಪರೀಕ್ಷೆಯುಂಟು; ಅಲ್ಲಿನ ಲಾ ಕಾಲೇಜುಗಳು ಅದರ ಅಂಕವನ್ನೂ ಪದವಿಯ ಅಂಕವನ್ನೂ ಒಟ್ಟಿಗಿಟ್ಟು ತೂಗುತ್ತವೆ, ಒಂದರ ಕೊರತೆಯನ್ನು ಇನ್ನೊಂದು ಸ್ವಲ್ಪಮಟ್ಟಿಗೆ ತುಂಬಬಹುದು. ನಮ್ಮಲ್ಲಿ ಹೀಗೆ ಕೂಡಿಸಿ ನೋಡುವ ಪದ್ಧತಿ ಕಡಿಮೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ (ಸ್ಥಾಪನೆ 2009) ಸೇರಿದ ಕಾಲೇಜುಗಳಲ್ಲಿ ಮೂರು ವರ್ಷದ ಕೋರ್ಸಿಗೆ ನೋಡುವುದು ಪದವಿಯ ಅಂಕ ಮತ್ತು ಮೀಸಲಾತಿ. ನೀವು ಯಾವ ಪರೀಕ್ಷೆಯಲ್ಲಿ ಎಷ್ಟು ತೆಗೆದಿರಿ ಎಂದು ಅಲ್ಲಿ ಕೇಳುವವರಿಲ್ಲ. ಪರೀಕ್ಷೆಯ ಅಂಕವೇ ಮುಖ್ಯವಾದ ಕಡೆ ಪದವಿಯ ಅಂಕ ಹೊಸ್ತಿಲನ್ನು ದಾಟಿಸಿದರೆ ಸಾಕು, ಆಮೇಲೆ ಅದರ ಮಾತಿಲ್ಲ. ನಮ್ಮಂಥವರಿಗೆ ಅನುಕೂಲವಾದದ್ದು ಈ ಎರಡನೆಯ ಬಗೆ.

ಅಂಥದರಲ್ಲಿ ಹತ್ತಿರದ್ದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್. ಐದು ವರ್ಷದ ಕೋರ್ಸಿಗೆ ಹೆಸರಾದ ಈ ಸಂಸ್ಥೆ ಪದವೀಧರರಿಗಾಗಿ 2022ರಲ್ಲಿ ಮೂರು ವರ್ಷದ ಎಲ್ಎಲ್.ಬಿ. (ಆನರ್ಸ್) ಆರಂಭಿಸಿತು. ಇದರ ಪರೀಕ್ಷೆಯಾದ ಎನ್‌ಎಲ್‌ಸ್ಯಾಟ್‌ಗೆ 150 ಅಂಕ: ಅರ್ಧ ಆಯ್ಕೆಯ ಪ್ರಶ್ನೆಗಳು, ಅರ್ಧ ಬರೆದು ಉತ್ತರಿಸುವವು. ಪದವಿಯಲ್ಲಿ ಶೇ. 45 (ಪರಿಶಿಷ್ಟರಿಗೆ 40) ಇದ್ದರೆ ಬರೆಯಬಹುದು. ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಓದಿದವರಿಗೆ ಶೇ. 25 ಸ್ಥಾನ ಮೀಸಲು ಎಂಬುದು ನಮ್ಮವರಲ್ಲಿ ಬಹುಮಂದಿಗೆ ತಿಳಿಯದು. ಅಡ್ಡಿಗಳು ಎರಡು. ಪರೀಕ್ಷೆಯೂ ಪಾಠವೂ ಇಂಗ್ಲಿಷಿನಲ್ಲಿ. ಶುಲ್ಕ ಲಕ್ಷಗಳ ಲೆಕ್ಕದ್ದು. ವಿದ್ಯಾರ್ಥಿವೇತನ, ಬ್ಯಾಂಕಿನ ಸಾಲ ಇವುಗಳ ವಿಚಾರವನ್ನು ಅರ್ಜಿಯ ಜೊತೆಯಲ್ಲೇ ಆರಂಭಿಸಬೇಕು, ಸೀಟು ಸಿಕ್ಕ ಮೇಲಲ್ಲ.

ದೆಹಲಿ ವಿಶ್ವವಿದ್ಯಾಲಯವೂ 2023ರಿಂದ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕವೇ ಎಲ್ಎಲ್.ಬಿ.ಗೆ ಸೇರಿಸಿಕೊಳ್ಳುತ್ತಿದೆ. ಅಲ್ಲಿ ಶುಲ್ಕ ಹಗುರ. ಆದರೆ ಸಾಮಾನ್ಯ ವರ್ಗಕ್ಕೆ ಹೊಸ್ತಿಲು ಶೇ. 50. ಕೇರಳ, ತೆಲಂಗಾಣ, ಮಹಾರಾಷ್ಟ್ರಗಳಲ್ಲೂ ಪ್ರವೇಶ ಪರೀಕ್ಷೆಗಳುಂಟು. ಹೊರಗಿನವರಿಗೆ ಉಳಿಯುವ ಸ್ಥಾನ ಕಡಿಮೆಯಾದುದರಿಂದ ಅವನ್ನು ವಿಸ್ತರಿಸುವುದಿಲ್ಲ.

ಇವು ಯಾವುವೂ ಕೈಗೂಡದಿದ್ದರೆ ಮೈಸೂರು ಇದ್ದೇ ಇದೆ. ಶಾರದಾ ವಿಲಾಸ, ವಿದ್ಯಾವರ್ಧಕ, ಜೆ.ಎಸ್.ಎಸ್., ಮಹಾಜನ ಮುಂತಾದ ಕಾನೂನು ಕಾಲೇಜುಗಳು ಅಲ್ಲಿವೆ. ಇದನ್ನು ಸೋತವರ ದಾರಿ ಎಂದು ಮೂಗುಮುರಿಯುವವರನ್ನು ಕಂಡಿದ್ದೇನೆ; ನನಗೆ ಹಾಗೆ ತೋರುವುದಿಲ್ಲ. ನಂಜನಗೂಡಿನಿಂದಲೋ ತಾಂಡವಪುರದಿಂದಲೋ ರೈಲು ಹತ್ತಿ ಸಂಜೆಗೆ ಮನೆ ಸೇರಬಹುದು, ಹಾಸ್ಟೆಲಿನ ಖರ್ಚಿಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಗಳಲ್ಲಿ ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಇಲ್ಲವೇ ಕನ್ನಡದಲ್ಲಿ ಬರೆಯಬೇಕೆಂಬ ಸೂಚನೆಯಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಈ ಒಂದು ವಾಕ್ಯದ ಬೆಲೆ ಎಷ್ಟೆಂದು ಬೇರೆ ಹೇಳಬೇಕೆ? ತಾಲ್ಲೂಕು ನ್ಯಾಯಾಲಯದಲ್ಲಿ ಕಕ್ಷಿಗಾರನೂ ಸಾಕ್ಷಿಯೂ ಮಾತನಾಡುವುದು ಕನ್ನಡವನ್ನೇ. ಉಚ್ಚ ನ್ಯಾಯಾಲಯಕ್ಕೆ ಹೋಗುವವನಿಗೆ ಇಂಗ್ಲಿಷ್ ಬೇಕು; ಅದನ್ನು ಮೂರು ವರ್ಷದಲ್ಲಿ ಸಂಪಾದಿಸಿಕೊಳ್ಳಬಹುದು.

ಯಾವ ಕಾಲೇಜಾದರೂ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ನೋಡಬೇಕು. ಅದಿಲ್ಲದ ಪದವಿಯಿಂದ ವಕೀಲನಾಗಿ ನೋಂದಾಯಿಸಿಕೊಳ್ಳಲಾಗದು. “ತರಗತಿಗೆ ಬರದಿದ್ದರೂ ನಡೆಯುತ್ತದೆ” ಎಂದು ಕರೆಯುವ ಕಡೆ ಕಾಲಿಡದಿರುವುದು ಒಳ್ಳೆಯದು. 2008ರ ನಿಯಮಾವಳಿ ಪ್ರತಿ ವಿಷಯಕ್ಕೂ ಶೇ. 70 ಹಾಜರಿಯನ್ನು ಗೊತ್ತುಮಾಡಿತು. ಪಾಳಿಯ ಕೆಲಸ ಮಾಡುತ್ತ ಓದಬೇಕೆಂದಿರುವ ಮಿತ್ರರು ಪಾಳಿಯ ವೇಳೆಯನ್ನೂ ತರಗತಿಯ ವೇಳೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿಯೇ ಕಾಲೇಜನ್ನು ಆರಿಸಿಕೊಳ್ಳಬೇಕು.

ಓದು ಮುಗಿದ ಮೇಲಿನ ಖರ್ಚಿಗೆ ಅಂಜುವವರಿಗೆ ಒಂದು ಸಮಾಧಾನದ ಸುದ್ದಿ. ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 30ರಂದು ಕೊಟ್ಟ ತೀರ್ಪಿನಲ್ಲಿ ವಕೀಲರ ನೋಂದಣಿಗೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ವಿಧಿಸಿತು. ಅದಕ್ಕೆ ಮುಂಚೆ ರಾಜ್ಯ ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ತೆರಬೇಕಾಗಿತ್ತು.

ಎನ್‌ಎಲ್‌ಸ್ಯಾಟ್ ಇತ್ತೀಚಿನ ವರ್ಷಗಳಲ್ಲಿ ಏಪ್ರಿಲ್ ತಿಂಗಳಲ್ಲಿ ನಡೆದಿದೆ, ಅರ್ಜಿ ಅದಕ್ಕೂ ಮೊದಲೇ ಮುಗಿಯುತ್ತದೆ. ಕಡೆಯ ಸೆಮಿಸ್ಟರಿನ ಫಲಿತಾಂಶ ಅಷ್ಟರಲ್ಲಿ ಬಂದಿರಬೇಕೆಂದಿಲ್ಲ. ಅಂತಿಮ ತರಗತಿಯಲ್ಲಿರುವವರೂ ಬರೆಯಬಹುದು.